ಜುದಾಸ್ ಎಂದು ಕರೆದ ಮೇಲೆ

ಕಾಸರಗೋಡಿನ ಬೇಳದ ಸಮೀಪದ ಓದುಗರೊಬ್ಬರ ಪತ್ರ: ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಕ್ಷಕಿ. ಚುನಾವಣೆಯಲ್ಲಿ ಅಣ್ಣ ಒಂದು ಪಕ್ಷಕ್ಕೆ, ತಮ್ಮ ಅದರ ಎದುರಾಳಿ ಪಕ್ಷಕ್ಕೆ ಓಡಾಡಿದರು. ಮಣಿಪುರದ ಹಿಂಸೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಣ್ಣ ತಮ್ಮನನ್ನು ‘ಮೂವತ್ತು ಬೆಳ್ಳಿ ನಾಣ್ಯಕ್ಕೆ ಮಾರಿಕೊಂಡ ಜುದಾಸ್’ ಎಂದು, ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರಿನಿಂದ ಬರೆದ. ತಮ್ಮ ಗುಂಪನ್ನೂ ತಾಯಿಮನೆಯನ್ನೂ ಬಿಟ್ಟ. ಕಳೆದ ಮೊಂತಿ ಹಬ್ಬದ (ಮಾತೆ ಮರಿಯಳ ಜನ್ಮದಿನದ ತೆನೆ ಹಬ್ಬ) ಊಟ ಎರಡು ಮನೆಗಳಲ್ಲಾಯಿತು. ಪೂಜೆಯಲ್ಲಿ ಶಾಂತಿ ಕೋರುವಾಗ ಇಬ್ಬರೂ ಊರಿಗೆಲ್ಲ ಕೈಮುಗಿಯುತ್ತಾರೆ, ಪರಸ್ಪರ ಮುಖ ನೋಡುವುದಿಲ್ಲ. ನಾನು ಇಬ್ಬರಿಗೂ ‘ಹೌದು ಹೌದು’ ಎನ್ನುತ್ತ ಬಂದಿದ್ದೇನೆ. ಈಗ ಇಬ್ಬರಿಗೂ ನನ್ನ ಮೇಲೆ ಸಂಶಯ. ಅಮ್ಮನಿಗೆ ಎಂಬತ್ತು ದಾಟಿದೆ. ರಾಜಕೀಯ ಮಾತಾಡಕೂಡದೆಂದು ಅಮ್ಮನಿಂದಲೇ ಇಬ್ಬರ ಮೇಲೆ ಆಣೆ ಹಾಕಿಸಲೇ? ಅಥವಾ ಇನ್ನು ಆಸೆ ಬಿಡಲೇ?

ಪ್ರಿಯ ಸಹೋದರಿ,

ಆಣೆ ಹಾಕಿಸಬೇಡಿ. ಎಂಬತ್ತು ದಾಟಿದ ತಾಯಿಯ ಕಣ್ಣೀರಿಗೆ ಹೆದರಿ ಮಕ್ಕಳು ಒಂದು ದಿನ ಬಾಯಿ ಮುಚ್ಚಿ ಉಂಡಾರು. ಆದರೆ ಆ ಊಟದ ಭಾರವನ್ನೆಲ್ಲ ಹೊರಬೇಕಾದವರು ಆ ತಾಯಿಯೇ. ಅಲ್ಲದೆ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಾಣುವುದೇನೆಂದರೆ, ನಿಮ್ಮ ತಮ್ಮ ಮನೆ ಬಿಟ್ಟದ್ದು ಅಣ್ಣನ ಪಕ್ಷ ಬೇರೆ ಎಂಬ ಕಾರಣಕ್ಕಲ್ಲ. ಪಕ್ಷ ಬೇರೆ ಎಂಬುದು ಅವನಿಗೆ ಮೊದಲೂ ಗೊತ್ತಿತ್ತು, ಗೊತ್ತಿದ್ದೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದ. ಅವನು ಹೋದದ್ದು ಒಂದು ಹೆಸರಿಗಾಗಿ, ಅದೂ ಅತ್ತಿಗೆ, ಮಕ್ಕಳು, ಪರದೇಶದಲ್ಲಿರುವ ನೆಂಟರೆಲ್ಲ ಓದುವ ಜಾಗದಲ್ಲಿ ಅವನಿಗೆ ಅಂಟಿಸಿದ ಹೆಸರಿಗಾಗಿ.

ಆದ್ದರಿಂದ ಅಣ್ಣನ ಬಳಿ ಅಭಿಪ್ರಾಯ ಬದಲಿಸಲು ಕೇಳಬೇಡಿ. ಆ ಒಂದು ಮಾತನ್ನು, ಬರೆದ ಗುಂಪಿನಲ್ಲೇ ಹಿಂತೆಗೆದುಕೊಳ್ಳಲು ಕೇಳಿ. ಅವರು ಸುವಾರ್ತೆ ಬಲ್ಲವರಾದ್ದರಿಂದ ಸುವಾರ್ತೆಯಿಂದಲೇ ಕೇಳಬಹುದು. ಪವಿತ್ರ ಗುರುವಾರದಂದು ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ಅವರು ಬಾಲ್ಯದಿಂದ ನೋಡಿದ್ದಾರೆ. ಯೊವಾನ್ನನ ಸುವಾರ್ತೆಯ 13ನೆಯ ಅಧ್ಯಾಯದಂತೆ ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಪಾದ ತೊಳೆಯುವಾಗ ಜುದಾಸನಿನ್ನೂ ಎದ್ದು ಹೋಗಿರಲಿಲ್ಲ. ರೊಟ್ಟಿಯ ತುಣುಕನ್ನು ಅದ್ದಿ ಅವನ ಕೈಗೆ ಕೊಟ್ಟ ಮೇಲೆಯೇ ಅವನು ಹೊರಗೆ ಹೋದದ್ದು. ಮತ್ತಾಯನು ಬರೆದಂತೆ, ಕತ್ತಿ ದೊಣ್ಣೆ ಹಿಡಿದು ಬಂದ ಜನರ ಎದುರಿನಲ್ಲಿ ಮುತ್ತಿಟ್ಟು ಹಿಡಿದುಕೊಟ್ಟಾಗಲೂ ಯೇಸು ಅವನನ್ನು ಕರೆದದ್ದು ಗೆಳೆಯನೆಂದೇ. ನಿಜವಾದ ಜುದಾಸನಿಗೇ ಇಷ್ಟು ಸಂದಿರುವಾಗ, ಬೇರೆ ಚಿಹ್ನೆಗೆ ಮತ ಹಾಕಿದ ಒಡಹುಟ್ಟಿದವನಿಗೆ ಎಷ್ಟು ಸಲ್ಲಬೇಕೆಂದು ಅಣ್ಣನೇ ಹೇಳಲಿ. (ಇದನ್ನು ಫಾರ್ವರ್ಡ್ ಮಾಡಬೇಡಿ. ಸಂಜೆ ಅಂಗಳದಲ್ಲಿ ಎದುರಿಗೆ ಕುಳಿತು ಹೇಳಿ. ಗುಂಪಿನಲ್ಲಿ ಹಾಕಿದರೆ ಇದೂ ಒಂದು ಕಲ್ಲೇ ಆದೀತು.)

ಹಬ್ಬದ ಬಗ್ಗೆ ಒಂದು ಮಾತು. ಸೆಪ್ಟೆಂಬರ್ 8ರಂದು ಚರ್ಚಿನಿಂದ ತಂದ ತೆನೆಯ ಕಾಳನ್ನು ಸುಲಿದು, ಪಾಯಸಕ್ಕೋ ಹಾಲಿಗೋ ಬೆರೆಸಿ ಹಂಚುವಾಗ, ಊರಿನಲ್ಲಿಲ್ಲದವರಿಗೂ ಪಾಲು ತೆಗೆದಿಟ್ಟು ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ನಮ್ಮ ಮನೆಗಳ ರೂಢಿ. ಗಲ್ಫಿಗೆ ಹೋಗುವ ಪಾಲು ಎರಡು ತೋಟ ದಾಟಿ ತಮ್ಮನ ಮನೆಗೆ ಹೋಗಲಾರದೇ? ಅದನ್ನು ಅಣ್ಣನೇ ಕೊಂಡುಹೋಗಲಿ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಯೇಸುವಿನ ಆಜ್ಞೆಯಲ್ಲಿ, ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಕಾಯಬೇಕೆಂಬ ಷರತ್ತಿಲ್ಲ.

ಇನ್ನು ನಿಮ್ಮ ವಿಷಯ, ಇದು ಸ್ವಲ್ಪ ಖಾರವಾದೀತು. ಇಬ್ಬರಿಗೂ ಹೌದೆನ್ನುವುದನ್ನು ನೀವು ಕರುಣೆ ಎಂದುಕೊಂಡಿದ್ದೀರಿ. ನನಗದು ಭಯವೆಂದು ತೋರುತ್ತದೆ. 2023ರ ಮೇ ತಿಂಗಳಲ್ಲಿ ಆರಂಭವಾದ ಮಣಿಪುರದ ಹಿಂಸೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಹಲವು ಚರ್ಚುಗಳು ಸುಟ್ಟುಹೋಗಿವೆ, ಸಾವಿರಾರು ಕುಟುಂಬಗಳು ಶಿಬಿರಗಳನ್ನು ಸೇರಿವೆ. ಅದನ್ನು ಕಂಡು ನೋಯುವುದು ಪಕ್ಷದ ಮಾತಲ್ಲವೆಂದು ತಮ್ಮನಿಗೆ ನೀವು ನೇರವಾಗಿ ಹೇಳಬೇಕಿತ್ತು. ಸತ್ತವರಲ್ಲಿ ಅಲ್ಲಿ ಪರಸ್ಪರ ಎದುರಾದ ಎರಡೂ ಸಮುದಾಯದವರು, ಕುಕಿಗಳಷ್ಟೇ ಅಲ್ಲ, ಮೈತೇಯಿಗಳೂ ಇದ್ದಾರೆ, ಆ ಹೆಣಗಳನ್ನು ಮುಂದಿಟ್ಟುಕೊಂಡು ಒಡಹುಟ್ಟಿದವನನ್ನು ಹಣಿಯುವುದು ಸತ್ತವರಿಗೆ ಮಾಡುವ ಗೌರವವಲ್ಲವೆಂದು ಅಣ್ಣನಿಗೂ ಹೇಳಬೇಕಿತ್ತು. ಹೌದಾದುದಕ್ಕೆ ಹೌದು, ಅಲ್ಲದ್ದಕ್ಕೆ ಅಲ್ಲ ಎನ್ನುವ ತಂಗಿಯ ಮೇಲೆ ಅಣ್ಣ ಸಿಟ್ಟಾಗಬಹುದು, ಸಂಶಯಪಡಲಾರ. ನಿಮ್ಮ ಮತ ಯಾರಿಗೆಂಬುದನ್ನು ಮಾತ್ರ ಹೇಳಲೇಬೇಕೆಂದಿಲ್ಲ. ಅದು ಗುಟ್ಟಿನ ಮತದಾನ.

ಆಸೆ ಬಿಡಲೇ ಎಂದು ಕೇಳಿದ್ದೀರಿ. ಕನ್ನಡ ಶಾಲೆಯ ಶಿಕ್ಷಕಿಯೊಬ್ಬರು ಕಾಸರಗೋಡಿನಲ್ಲಿ ಕುಳಿತು ಈ ಪ್ರಶ್ನೆ ಕೇಳುವುದು ನನಗೆ ತುಸು ಆಶ್ಚರ್ಯವೇ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಬಯಸಿದ್ದು ಆಗಲಿಲ್ಲವೆಂದು ನಿಮ್ಮ ಹಿರಿಯರು ಮಕ್ಕಳಿಗೆ ಅಕ್ಷರ ಕಲಿಸುವುದನ್ನು ನಿಲ್ಲಿಸಿದ್ದರೆ ಇಂದು ನಿಮಗೆ ಈ ಕೆಲಸವೂ ಇರುತ್ತಿರಲಿಲ್ಲ, ನನಗೆ ಈ ಕನ್ನಡ ಪತ್ರವೂ ಬರುತ್ತಿರಲಿಲ್ಲ. ಕ್ರೈಸ್ತರು ಭರವಸೆ ಎನ್ನುವುದು ಇದಕ್ಕಿಂತ ಬಹಳ ದೂರದ್ದೇನಲ್ಲ: ಫಲಿತಾಂಶ ನಮ್ಮ ಕೈಯಲ್ಲಿಲ್ಲದಾಗಲೂ ನಮ್ಮ ಪಾಲಿನದ್ದನ್ನು ಮಾಡುತ್ತಿರುವುದು. ಸಂತ ಪೌಲರೂ ರೋಮನರಿಗೆ ಬರೆಯುವಾಗ, ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು ಮಟ್ಟಿಗೆ ಎಲ್ಲರೊಡನೆ ಸಮಾಧಾನದಿಂದಿರಿ ಎಂದು ಹದವರಿತೇ ಹೇಳಿದ್ದಾರೆ. ಉಳಿದದ್ದು ಎದುರಿನವರ ಪಾಲಿಗೆ ಬಿಟ್ಟದ್ದು.

ತಮ್ಮ ಈ ಬಾರಿಯೂ ಬಾರದೆ ಹೋಗಬಹುದು. ಹೆಸರು ಅಂಟಿಸಿದಷ್ಟು ಬೇಗ ಕೀಳಲು ಬರುವುದಿಲ್ಲ. ಅಮ್ಮನನ್ನು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಆಟೋದಲ್ಲಿ ನೀವೇ ಅವನ ಮನೆಗೆ ಕರೆದುಕೊಂಡು ಹೋಗಿ. ಅವರಿಬ್ಬರೂ ಮಾತಾಡುವಾಗ ನೀವು ನಡುವೆ ಬಾಯಿ ಹಾಕಬೇಡಿ.