ಜಾಗಟೆಗೆ ಪೆಟ್ಟು ಎಲ್ಲಿ ಬೀಳಬೇಕು?

ಪ್ರಶ್ನೆ: ನಮ್ಮೂರ ಹಣಮಂದೇವರ ಗುಡಿಯಾಗ ಹಳೇ ಕಂಚಿನ ಜಾಗಟಿ ಅದ. ಶನಿವಾರ ಆರತಿ ಹೊತ್ತಿನ್ಯಾಗ ಹುಡುಗರು ಕಬ್ಬಿಣದ ಸರಳಿಲೆ ನಟ್ಟನಡುವ ಜೋರ್ ಬಡೀತಾರ. ಮೊದಲಿನಂಗ ನಾದ ಬರವಲ್ದು. ಇಂಡೋನೇಷ್ಯಾದ ವಿಡಿಯೋದಾಗ ಅವರೂ ನಡುವೇ ಬಾರಸ್ತಾರ, ಆದ್ರ ನಾದ ಎಷ್ಟೊತ್ತಾದ್ರೂ ನಿಲ್ಲಂಗಿಲ್ಲ. ನಮ್ದು ಯಾಕ ಹಿಂಗ?
– ಆಳಂದ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಆ ಸರಳನ್ನು ಗುಡಿಯಿಂದ ಹೊರಗೆ ಹಾಕಿಸಿ, ಉಳಿದದ್ದು ಆಮೇಲೆ. ನಾದಕ್ಕೆಂದೇ ಮಾಡುವ ಒಳ್ಳೆಯ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತವರ ಇಷ್ಟಿರುವುದರಿಂದಲೇ ದನಿ ಬಹಳ ಹೊತ್ತು ನಿಲ್ಲುತ್ತದೆ. ಲೋಹ ಪೆಡಸಾಗುವುದೂ ಅದರಿಂದಲೇ. ಹಿತ್ತಾಳೆಯಾದರೆ ತಗ್ಗು ಬೀಳುತ್ತದೆ, ಈ ಕಂಚು ಸೀಳುತ್ತದೆ. ಜಾಗಟೆಯನ್ನು ಬೆಳಕಿಗೆ ಹಿಡಿದು ಅಂಚಿನ ಸುತ್ತ, ಅದರಲ್ಲೂ ದಾರದ ತೂತುಗಳ ಹತ್ತಿರ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆದು ಬರುತ್ತದೆ. ಬೆಸುಗೆ ಹಾಕಿಸಿದರೆ ಹಳೆಯ ನಾದ ಮರಳುವುದಿಲ್ಲ, ಕರಗಿಸಿ ಹೊಸದಾಗಿ ಎರಕ ಹೊಯ್ಯಿಸಬೇಕಾಗುತ್ತದೆ.

ಬಿರುಕಿಲ್ಲವೆಂದರೆ ಕೊರತೆ ಬಾರಿಸುವುದರಲ್ಲಿದೆ. ಚಪ್ಪಟೆ ಜಾಗಟೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಹುಟ್ಟುವಾಗ ಅಂಚು ನಾಲ್ಕು ಕಡೆ ಹಿಂದೆ ಮುಂದೆ ಆಡುತ್ತದೆ, ನಟ್ಟನಡುವು ಮಾತ್ರ ಅಲುಗುವುದಿಲ್ಲ. ಅಲುಗದ ಕಡೆಗೇ ಬಡಿದರೆ ಆ ಸ್ವರ ಏಳುವುದಾದರೂ ಹೇಗೆ? ನಡುವಿನಿಂದ ಅಂಚಿನತ್ತ ಅರ್ಧಕ್ಕಿಂತ ತುಸು ಮುಂದೆ ಸರಿದು, ಗಟ್ಟಿಮರದ ಕೋಲಿನಿಂದ ಬಾರಿಸಲಿ. ಪೆಟ್ಟು ಬಿದ್ದ ಕೂಡಲೇ ಕೋಲು ಪುಟಿದು ಹಿಂದೆ ಬರಬೇಕು, ಒತ್ತಿ ಹಿಡಿದರೆ ದನಿ ಅಲ್ಲೇ ಸಾಯುತ್ತದೆ. ಇನ್ನೊಂದು ಕೈ ದಾರವನ್ನಷ್ಟೇ ಹಿಡಿದಿರಲಿ, ಬೆರಳಾಗಲಿ ಎದೆಯಾಗಲಿ ಕಂಚಿಗೆ ತಾಗಬಾರದು.

ಈಗ ಎಷ್ಟೋ ಗುಡಿಗಳಲ್ಲಿ ಮೋಟರಿನ ಯಂತ್ರವೇ ನಗಾರಿ, ಜಾಗಟೆ, ಗಂಟೆ ಮೂರನ್ನೂ ಬಡಿಯುತ್ತದೆ. ನಿಮ್ಮೂರ ಹುಡುಗರು ಇನ್ನೂ ಕೈಯಿಂದ ಬಾರಿಸುತ್ತಾರೆ ಎಂಬುದೇ ನನಗೆ ದೊಡ್ಡ ಸಂತೋಷ. ಬೈದು ಓಡಿಸಬೇಡಿ, ಹತ್ತಿರ ಕೂರಿಸಿಕೊಂಡು ಕಲಿಸಿ.

ನೀವು ವಿಡಿಯೋದಲ್ಲಿ ನೋಡಿದ್ದು ಜಾವಾದ ಗಮೆಲಾನ್ ಮೇಳದ ದೊಡ್ಡ ಜಾಗಟೆ ಇರಬೇಕು. ಅಲ್ಲಿ ಅದಕ್ಕೆ ಗೊಂಗ್ ಅಗೆಂಗ್ ಎನ್ನುತ್ತಾರೆ. ಅದು ಚಪ್ಪಟೆಯಲ್ಲ. ಅಂಚು ಆಳವಾಗಿ ಹಿಂದಕ್ಕೆ ಮಡಿಚಿರುತ್ತದೆ, ನಡುವೆ ಗುಬುಟು ಇರುತ್ತದೆ. ಬಟ್ಟೆ ಸುತ್ತಿದ ಮೆತ್ತನೆಯ ಕೋಲಿನಿಂದ ಆ ಗುಬುಟಿಗೇ ಬಾರಿಸುತ್ತಾರೆ, ಇಂಥದ್ದೇ ಸ್ವರವೆಂದು ಗುರುತಿಸುವಷ್ಟು ಸ್ಪಷ್ಟವಾದ ನಾದ ಬರುತ್ತದೆ. ನಮ್ಮ ತಬಲಾದವರು ಆವರ್ತನದ ಮೊದಲ ಮಾತ್ರೆಯಲ್ಲಿ ಸಮ್ ಹಿಡಿಯುತ್ತಾರೆ. ಅವರ ದೊಡ್ಡ ಜಾಗಟೆ ಆವರ್ತನದ ಕೊನೆಗೆ ಬೀಳುತ್ತದೆ.

ಚೀನಾದ ತಾಮ್‌ತಾಮ್‌ ಎಂಬ ದೊಡ್ಡ ಜಾಗಟೆಗೆ ಗುಬುಟಿಲ್ಲ. ಮೊದಲು ಕೋಲಿನಿಂದ ಮೆಲ್ಲಗೆ ಸೋಕಿಸಿ ಎಬ್ಬಿಸಿಕೊಂಡು, ಆಮೇಲೆ ನಡುವಿನಿಂದ ತುಸು ಆಚೆ ಪೆಟ್ಟು ಕೊಡುತ್ತಾರೆ. ಕಂಪನ ಕೆಳಗಿನ ಸ್ವರಗಳಿಂದ ಮೇಲಿನವಕ್ಕೆ ಹರಿಯಲು ಹೊತ್ತು ಬೇಕು, ಹೀಗಾಗಿ ಪೆಟ್ಟಿನ ನಂತರವೂ ದನಿ ಉಕ್ಕುತ್ತಾ ಹೋಗುತ್ತದೆ. ಬೀಜಿಂಗ್ ಸಂಗೀತ ನಾಟಕದವರ ಬಳಿ ಇನ್ನೂ ಸೊಗಸಾದ ಜೋಡಿಯಿದೆ: ಬಾರಿಸಿದ ಮೇಲೆ ದೊಡ್ಡದರ ಸ್ವರ ಕೆಳಗಿಳಿಯುತ್ತದೆ, ಚಿಕ್ಕದರದು ಮೇಲೇರುತ್ತದೆ.

ಪ್ರಶ್ನೆ: ಹೊಸ ಜಾಗಟೆ ಕೊಳ್ಳುವಾಗ ಏನು ನೋಡಬೇಕು?
– ಹುಮನಾಬಾದಿನ ಓದುಗರು

ಉತ್ತರ: ಹೊಳಪು ನೋಡಬೇಡಿ. ಅಂಗಡಿಯಲ್ಲೇ ದಾರ ಕಟ್ಟಿ ತೂಗುಬಿಟ್ಟು, ಸುತ್ತಲೂ ನಾಲ್ಕಾರು ಕಡೆ ಮೆಲ್ಲಗೆ ಬಾರಿಸಿ ಕೇಳಿ. ದನಿ ನಡುಗದೆ, ಒಡೆಯದೆ ನಿಧಾನವಾಗಿ ಇಳಿಯಬೇಕು. ಕೋಲನ್ನು ಮನೆಯಿಂದಲೇ ಒಯ್ಯಿರಿ, ನಾಳೆ ಬಾರಿಸುವುದು ಅದರಿಂದಲೇ ಅಲ್ಲವೇ?