ಆನೆ ಕಾಸಿಗೆ ಹುಣಸೆಹಣ್ಣು ಹಚ್ಚಬೇಡಿ ಅಣ್ಣ

ಅಣ್ಣ, ಇವೇನು ಅಂತ ಕೇಳಿ ನೀವು ಹಾಕಿದ ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ: ಅರ್ಧಚಂದ್ರದ ತಗಡು, ಗೇಣುದ್ದದ ಕಡ್ಡಿ, ಆನೆ ಇರುವ ಹಸಿರು ಬಿಲ್ಲೆ. ಹೊಲದ ಅಂಚಿನ ಹಳೇ ಗಾಡಿದಾರಿಯಲ್ಲಿ ಮಣ್ಣಿನಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಆಡಿಸುವಾಗ ಸಿಕ್ಕಿದವು ಅಂದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಆ ಅರ್ಧಚಂದ್ರದ ತಗಡು ಕತ್ತಿಯ ಚೂರೂ ಅಲ್ಲ, ಒಡವೆಯೂ ಅಲ್ಲ. ಅದು ಎತ್ತಿನ ಲಾಳ. ಕುದುರೆ ಗೊರಸು ಒಂದೇ, ಅದಕ್ಕೇ ಅದರ ಲಾಳ ಬಾಯಿ ಬಿಟ್ಟ ಬಳೆಯ ಹಾಗಿರುತ್ತದೆ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು, ನಾಲ್ಕೂ ಕಾಲಿಗೆ ಹೊಡೆದರೆ ಎಂಟು. ನಿಮ್ಮದರಲ್ಲಿ ಹೊರಗಿನ ಅಂಚಿಗೆ ಮಾತ್ರ ಮೊಳೆ ತೂತುಗಳಿವೆ, ಮುಂದಿನ ತುದಿ ಸವೆದು ಕಾಗದದಷ್ಟು ತೆಳ್ಳಗಾಗಿದೆ. ಅಷ್ಟು ಸವೆಯಬೇಕಾದರೆ ಆ ಎತ್ತು ಎಷ್ಟು ದಾರಿ ನಡೆದಿರಬೇಕು! ಎಡಗಡೆ ತೂತಿನಲ್ಲಿ ಉಬ್ಬಿರುವುದು ತುಕ್ಕಿನ ಗುಳ್ಳೆ ಅಲ್ಲ, ಮೊಳೆಯ ತಲೆ. ದಯವಿಟ್ಟು ಕೆರೆಯಬೇಡಿ. ಚಿಕ್ಕವನಿದ್ದಾಗ ನಮ್ಮೂರ ಸಂತೆಯಲ್ಲಿ ಎತ್ತನ್ನು ಹಗ್ಗ ಹಾಕಿ ಕೆಡವಿ ಲಾಳ ಹೊಡೆಯುವುದನ್ನು ನೋಡಿದ್ದೇನೆ, ಇಂಥದೇ ತುಂಡುಗಳು.

ಗೇಣುದ್ದದ ಕಡ್ಡಿ ಗಾಡಿಯ ಕಡಾಣಿ. ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ತೂರಿಸುತ್ತಿದ್ದರಲ್ಲ, ಅದೇ.

ಇನ್ನು ಹಸಿರು ಬಿಲ್ಲೆ. ಆನೆ ಕಾಣುತ್ತಿದೆ ಅಂದರೆ ಇದು ನಮ್ಮ ಮೈಸೂರಿನ ತಾಮ್ರದ ಕಾಸು ಇರುವ ಸಾಧ್ಯತೆ ಜಾಸ್ತಿ. ಹಿಂದಿನ ಮುಖ ನೋಡಿ. ಪಾರ್ಸಿ ಬರಹ ಮಾತ್ರ ಇದ್ದರೆ ಹೈದರ್ ಇಲ್ಲವೇ ಟಿಪ್ಪು ಕಾಲದ್ದು. ಕನ್ನಡದಲ್ಲಿ 'ಮಯಿಲಿ ಕಾಸು' ಅಂತಲೋ ಇಂಗ್ಲಿಷಿನಲ್ಲಿ ಕ್ಯಾಷ್ ಅಂತಲೋ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ಟಿಪ್ಪು ನಾಣ್ಯದಲ್ಲಿ ಒಂದು ವಿಶೇಷ ಇದೆ, 1787ರ ಸುಮಾರಿನಿಂದ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಅವನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷದ ಲೆಕ್ಕದ 1215 ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ.

ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕೋಣ ಅಂತಿದ್ದಾರೆ ಅಂದಿರಿ. ಬೇಡ್ವೇ ಬೇಡ. ಫಳಫಳ ಹೊಳೆಯುತ್ತದೆ ನಿಜ, ಆದರೆ ಸವೆದ ಅಕ್ಷರ ಆ ಹಸಿರು ಪದರದಲ್ಲೇ ಉಳಿದಿರುತ್ತದೆ, ಹುಳಿ ಬಿದ್ದರೆ ಅದೂ ಹೋಯಿತು. ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದೆರಡು ದಿನ ನೆನೆಸಿ. ಮಣ್ಣು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಸುಮ್ನೆ ಸವರಿ ತೆಗೆಯಿರಿ, ಚೆನ್ನಾಗಿ ಒಣಗಿಸಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದನ್ನು ಬೇರೆ ನಾಣ್ಯಗಳ ಜೊತೆ ಇಡಬೇಡಿ, ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ ಒಣ ಡಬ್ಬಿಯಲ್ಲಿ ಮುಚ್ಚಿಡಿ.

ಇನ್ನೊಂದು ಮಾತು. ಅದೇ ಜಾಗದಲ್ಲಿ ಕುಡಿಕೆಯೋ ನಾಣ್ಯದ ರಾಶಿಯೋ ಸಿಕ್ಕರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ, ನಿಧಿಗೆ ಅಂತಲೇ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆ ಇದೆ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಹಳೇ ಗುಡಿ, ಕೋಟೆ ಕಡೆ ಡಿಟೆಕ್ಟರ್ ಹಿಡಿದು ಹೋಗಲೇಬೇಡಿ.

ಕಾಸಿನ ಹಿಂದಿನ ಮುಖದ ಫೋಟೋ ಹಾಕಿ. ಟಾರ್ಚ್ ಪಕ್ಕದಿಂದ ಹಿಡಿಯಿರಿ, ಉಬ್ಬು ಆಗ ಕಾಣುತ್ತದೆ. ಅಳತೆಗೆ ಪಕ್ಕದಲ್ಲೊಂದು ರೂಪಾಯಿ ಇಡಿ. ಚಿನ್ನದಂಗಡಿಯಲ್ಲಿ ತೂಕ ಹಾಕಿಸಿದರೆ ಅದನ್ನೂ ಬರೆಯಿರಿ.