ಎಸ್‌ಟಿಪಿ ನೀರು ತೋಟಕ್ಕೆ ಬಿಡುವ ಮುಂಚೆ

ಉಳ್ಳಾಲ ಕಡೆಯ ಅಣ್ಣ ಒಬ್ಬರು ಕೇಳಿದ್ದಾರೆ: ಏಪ್ರಿಲ್ ಬಂದರೆ ಬಾವಿ ನೀರು ಉಪ್ಪಾಗುತ್ತದೆ, ಟ್ಯಾಂಕರಿನವರು ಎಸ್‌ಟಿಪಿಯಲ್ಲಿ, ಅಂದರೆ ಚರಂಡಿ ನೀರಿನ ಶುದ್ಧೀಕರಣ ಘಟಕದಲ್ಲಿ, ಶುದ್ಧ ಮಾಡಿದ ನೀರು ಕೊಡ್ತೇವೆ ಅಂತಾರೆ, ತೆಂಗು, ಅಡಿಕೆ, ಬಸಳೆಗೆ ಬಿಡಬಹುದಾ ಅಂತ. ಅದಕ್ಕೆ ಇನ್ನೊಬ್ಬರು 'ನೀರು ತಿಳಿಯಾಗಿದ್ದರೆ ಧೈರ್ಯವಾಗಿ ಬಿಡಿ' ಅಂದಿದ್ದಾರೆ. ಅಲ್ಲೇ ಎಡವೋದು ಮಾರಾಯ್ರೆ. ಸಮುದ್ರದ ನೀರೂ ತಿಳಿಯಾಗಿಯೇ ಇರುತ್ತದೆ, ಅಲ್ವಾ?

ನಾನು ಕೆಲವು ವರ್ಷ ಇಂಥ ಘಟಕದಲ್ಲಿ ಕೆಲಸ ಮಾಡಿದವನು. ಮಂಗಳೂರು ಗುಡ್ಡ, ತಗ್ಗುಗಳ ಊರು. ಚರಂಡಿ ನೀರು ತಾನಾಗಿ ತಗ್ಗಿಗೆ ಇಳಿದು ವೆಟ್‌ವೆಲ್ (ಚರಂಡಿ ನೀರು ಸಂಗ್ರಹವಾಗುವ ಗುಂಡಿ) ಸೇರುತ್ತದೆ, ಅಲ್ಲಿಂದ ಪಂಪ್ ಮಾಡಿ ಮೇಲಕ್ಕೆ ತಳ್ಳಬೇಕು. ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಯಲ್ಲಿ ಘಟಕಗಳಿವೆ. ಕಾವೂರಿನದೇ ದೊಡ್ಡದು, ದಿನಕ್ಕೆ 4.35 ಕೋಟಿ ಲೀಟರ್ ಸಾಮರ್ಥ್ಯ. ಮೊದಲು ಕಬ್ಬಿಣದ ಜಾಲರಿ: ಶಾಂಪೂ ಸ್ಯಾಷೆ, ಕೂದಲ ಉಂಡೆ, ಪ್ಯಾಡ್ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮರಳು ಇಳಿಸಿ, ಟ್ಯಾಂಕಿನಲ್ಲಿ ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಬೆಳೆಯುತ್ತವೆ.

ನಾವು ದಿನಾ ಆ ನೀರನ್ನು ಒಂದು ಲೀಟರಿನ ಉದ್ದ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಇಡುತ್ತಿದ್ದೆವು. ಕಂದು ಗಸಿ ಮೋಡದ ಹಾಗೆ ಕೆಳಗೆ ಕೂತು ಮೇಲೆ ತಿಳಿ ನೀರು ನಿಂತರೆ ಆವತ್ತು ನೆಮ್ಮದಿ. ಸರಿಯಾಗಿ ನಡೆಯುವ ಟ್ಯಾಂಕಿಗೆ ಹಸಿ ಮಣ್ಣಿನ ವಾಸನೆ. ಕೊಳೆತ ಮೊಟ್ಟೆ ವಾಸನೆ ಬಂತು ಅಂದರೆ ಗಾಳಿ ಸಾಲದು ಅಂತ ಅರ್ಥ.

ಗಸಿ ಬೇರೆ ಮಾಡಿ, ಕ್ಲೋರಿನ್ ಹಾಕಿ ಹೊರಬಿಟ್ಟ ನೀರು ತೋಡು, ನದಿ ಹಿಡಿದು ಸಮುದ್ರಕ್ಕೆ ಹೋಗುತ್ತದೆ. ಕಾರ್ಖಾನೆಗಳಿಗೂ ಒಂದಷ್ಟು ಕೊಡುವ ಏರ್ಪಾಡಿದೆ. ಮುಂಬೈಯ ವರ್ಲಿ, ಬಾಂದ್ರಾಗಳಲ್ಲಿ ಕಡಲಡಿಯ ಸುರಂಗದಲ್ಲಿ 3 ಕಿಲೋಮೀಟರಿಗೂ ಆಚೆ ಕೊಂಡುಹೋಗಿ ಬಿಡುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಆದ್ದರಿಂದ ಘಟಕ ಕೈಕೊಟ್ಟರೆ ಮೊದಲು ಗೊತ್ತಾಗುವುದು ತೋಡಿನ ಬದಿಯ ಮನೆಯವರಿಗೆ.

ಈಗ ಮುಖ್ಯ ವಿಷಯ. ನಮ್ಮಂಥ ಊರಲ್ಲಿ ಹೊರಬಿಡುವ ನೀರಿನ ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಅಂತ 2017ರ ಕೇಂದ್ರದ ನಿಯಮ ಹೇಳಿತ್ತು. ಅದು ಕೊಳೆಯ ಲೆಕ್ಕ. ಉಪ್ಪಿನ ಲೆಕ್ಕವೇ ಬೇರೆ. ಬ್ಯಾಕ್ಟೀರಿಯಾ ಉಪ್ಪು ತಿನ್ನುವುದಿಲ್ಲ, ಕ್ಲೋರಿನ್ ಉಪ್ಪು ತೆಗೆಯುವುದಿಲ್ಲ. ಅಳಿವೆ ಹತ್ತಿರದ ಹಳೇ ಪೈಪುಗಳ ಬಿರುಕಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೆ ಉಪ್ಪು ನೀರು ಒಳಗೆ ನುಗ್ಗಬಹುದು. ಒಂದೇ ಘಟಕದ ನೀರು ಇವತ್ತೊಂದು ಥರ, ಮುಂದಿನ ವಾರ ಇನ್ನೊಂದು ಥರ.

ಅದಕ್ಕೇ ಒಂದು ಪುಟ್ಟ ಇಸಿ ಮೀಟರ್ ತಗೊಳ್ಳಿ. ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆದು ಉಪ್ಪಿನ ಅಂದಾಜು ಕೊಡುತ್ತದೆ. ಸೆಂಟಿಮೀಟರಿಗೆ 700 ಮೈಕ್ರೋಸೀಮನ್ಸ್ ಒಳಗಿದ್ದರೆ ಚಿಂತೆಯಿಲ್ಲ. 3000 ದಾಟಿದರೆ ಟ್ಯಾಂಕರ್ ವಾಪಸ್ ಕಳಿಸಿ. ನಡುವೆ ಇದ್ದರೆ ತೆಂಗು ತಡೆಯುತ್ತದೆ, ಅಡಿಕೆ ಅಷ್ಟು ತಡೆಯುವುದಿಲ್ಲ. ಒಂದು ಮೇ ತಿಂಗಳಲ್ಲಿ ನಾನೇ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನು ಅಳೆಯದೆ ತೋಟಕ್ಕೆ ಬಿಟ್ಟೆ. ಎಳೆ ಅಡಿಕೆ ಸಸಿಗಳ ಸೋಗೆಯ ತುದಿ ಸುಟ್ಟ ಹಾಗೆ ಒಣಗಿದವು. ಘಟಕದಲ್ಲಿ ಕೆಲಸ ಮಾಡಿದವನಿಗೇ ಹೀಗೆ!

ತೆಂಗಿನ ಬುಡದ ಗುಂಡಿಗೆ ಬಿಡಿ, ಸ್ಪ್ರಿಂಕ್ಲರ್ ಬೇಡ. ಬಾವಿಯ ಹತ್ತಿರವೂ ಬೇಡ. ಈ ನೀರಲ್ಲಿ ಸಾರಜನಕ ಇರುವುದರಿಂದ ಯೂರಿಯಾ ಸ್ವಲ್ಪ ಕಡಿಮೆ ಮಾಡಬಹುದು. ಉಳಿದ ಉಪ್ಪನ್ನು ನಮ್ಮ ಜೂನ್, ಜುಲೈ ಮಳೆ ಬಹುಪಾಲು ತೊಳೆದುಬಿಡುತ್ತದೆ, ಬಯಲುಸೀಮೆಯವರಿಗೆ ಆ ಅನುಕೂಲ ಇಲ್ಲ. ಬಸಳೆಗೆ ಮಾತ್ರ ಬೇಡವೇ ಬೇಡ. ಬೇಯಿಸಿಯೇ ತಿನ್ನುತ್ತೇವೆ ನಿಜ, ಆದರೆ ಕೊಯ್ದು, ತೊಳೆದು, ಹೆಚ್ಚುವುದು ಮನೆಯವರ ಬರಿಗೈ, ನೀರಲ್ಲಿ ಉಳಿದ ರೋಗಾಣು ಅದಕ್ಕೆ ಅಂಟಬಹುದು.

ಮೊದಲ ಟ್ಯಾಂಕರ್ ಬಂದ ದಿನ ನಿಮ್ಮ ಬಾವಿ ನೀರಿನ ಇಸಿಯನ್ನೂ ಅಳೆಯಿರಿ. ಏಪ್ರಿಲ್‌ನಲ್ಲಿ ಟ್ಯಾಂಕರಿನದೇ ವಾಸಿ ಅಂತ ಆದರೂ ಆಗಬಹುದು. ಎರಡೂ ಅಂಕಿ ಇಲ್ಲಿ ಹಾಕಿ, ಅಡಿಕೆಯ ವಿಷಯ ಆಮೇಲೆ ನೋಡೋಣ.